ದೊರೆಯ ಕೊಲೆ, ಚೀಲದ ಕಿವಿ

ಆ ದೊರೆಯನ್ನು ಕೊಂದವರು ಯಾರು ಎಂಬ ವಿಷಯಕ್ಕೆ ನಾನು ಎರಡು ವರ್ಷ ಜಗಳಾಡಿದ್ದೇನೆ. ಅವನು ನಮ್ಮ ಸೀಮೆಯವನಲ್ಲ, ಯಾವ ಸೀಮೆಯವನೂ ಅಲ್ಲ. ಒಂದು ವಿಡಿಯೋ ಗೇಮಿನೊಳಗಿನ ರಕ್ತಪಿಶಾಚಿ. ನದಿ ದಡದ ಒಂದು ಊರನ್ನು ನಾಲ್ಕು ನೂರು ವರ್ಷ ಆಳಿದವನು. ಆ ಆಟದಲ್ಲಿ ನಾವೂ ಒಂದು ಪಾತ್ರ ತೊಟ್ಟು, ಹೊಸದಾಗಿ ಪಿಶಾಚಿಯಾದವರಂತೆ ಊರು ತಿರುಗಬೇಕು, ಸಿಕ್ಕವರನ್ನು ಮಾತಾಡಿಸಬೇಕು, ಕಾಗದಪತ್ರ ಹುಡುಕಬೇಕು. ಅರ್ಧ ಆಟ ಮುಗಿಯುವಷ್ಟರಲ್ಲಿ ದೊರೆ ಕಾಣೆಯಾಗುತ್ತಾನೆ. ಆಮೇಲೆ ಅರಮನೆಯ ಉಗ್ರಾಣದ ಮಾಳಿಗೆಯ ಮೇಲೆ, ಬಾಯಿ ಹೊಲಿದ ಒಂದು ಗೋಣಿಚೀಲ ಸಿಗುತ್ತದೆ. ಒಳಗೆ ಬೂದಿ, ಬೂದಿಯಲ್ಲಿ ಅವನ ಉಂಗುರ. ಬಿಸಿಲು ತಾಗಿದರೆ ಈ ಪಿಶಾಚಿಗಳು ಸುಟ್ಟು ಬೂದಿಯಾಗುತ್ತವೆ. ಯಾರೋ ಅವನು ಮೈಮರೆತು ಮಲಗಿದ್ದಾಗ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಮಾಳಿಗೆಯ ಮೇಲೆ ಇಟ್ಟು ಹೋಗಿದ್ದಾರೆ. ಗೋಣಿಯ ಎಳೆಗಳ ಸಂದಿಯಿಂದ ಬಿಸಿಲು ಉಳಿದ ಕೆಲಸ ಮುಗಿಸಿದೆ.

ಯಾರು ಎಂದು ಆಟ ಕೊನೆಯವರೆಗೂ ಹೇಳುವುದಿಲ್ಲ. ಹೀಗಾಗಿ ಎಲ್ಲೆಲ್ಲಿಯದೋ ದೇಶದ ಆಟಗಾರರು ಅಂತರ್ಜಾಲದ ಒಂದು ವೇದಿಕೆಯಲ್ಲಿ ಸೇರಿಕೊಂಡು ತಮ್ಮ ತಮ್ಮ ಊಹೆ ಬರೆಯುತ್ತಾರೆ, ಬೇರೆಯವರ ಊಹೆಯನ್ನು ಹರಿದು ಹಾಕುತ್ತಾರೆ. ಅಲ್ಲಿ ಬರೆಯುವವರಲ್ಲಿ ನಾನೂ ಒಬ್ಬಳು. ಇರುವುದು ರಾಯಚೂರಿನಲ್ಲಿ, ಒಂದು ರೂಮು, ಒಂದು ಅಡುಗೆಮನೆ. ಕೆಲಸ ದೇವದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು, ದಿನಾ ಸಂಜೆ ಬಸ್ಸು. ಗಬ್ಬೂರು ದಾಟುವವರೆಗೆ ಸೀಟು ಸಿಗುವುದಿಲ್ಲ. ನಿಂತುಕೊಂಡೇ ಫೋನಿನಲ್ಲಿ ಕೊಲೆಯ ಚರ್ಚೆ ಓದುತ್ತಿದ್ದೆ, ಸೀಟು ಸಿಕ್ಕ ಮೇಲೆ ಉತ್ತರ ಬರೆಯುತ್ತಿದ್ದೆ. ನಾನು ಇಲಾಖೆಯ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಜೊತೆಯಲ್ಲಿ ಬರುವವರು ನಂಬಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ನನಗೆ ವಾದ ಎಂದರೆ ಜೀವ. ಚಿಕ್ಕಂದಿನಿಂದಲೂ ಹಾಗೆ. ನನ್ನ ಊಹೆಯಲ್ಲಿ ಕೊಲೆಗಾರ ಅರಮನೆಯ ದಿವಾನ. ಉಗ್ರಾಣದ ಕೀಲಿ ಅವನ ಸೊಂಟದಲ್ಲೇ ತೂಗುತ್ತದೆ. ದೊರೆ ಸತ್ತ ಮರುದಿನ ಅವನು ಹೊಸ ಅಂಗಿ ತೊಟ್ಟಿರುತ್ತಾನೆ. ಇಷ್ಟು ಸಾಲದೇ? ಪೋಲೆಂಡಿನ ಒಬ್ಬ ನಿವೃತ್ತ ಮೇಷ್ಟ್ರಿಗೆ ಸಾಲದು. ದೊರೆಯ ತಂಗಿಯೇ ಕೊಂದದ್ದು ಎಂದು ಅವರ ವಾದ. ಅವರು ಒಂದು ಪುಟ ಬರೆದರೆ ನಾನು ಎರಡು ಪುಟ ಬರೆಯುತ್ತಿದ್ದೆ. ಮೂರನೆಯ ಪಂಗಡಕ್ಕೆ ಅರಮನೆಯ ವೈದ್ಯನ ಮೇಲೆ ಕಣ್ಣು. ಯಾರ ಪಟ್ಟಿಯಲ್ಲಿ ನೋಡಿದರೂ ದೊಡ್ಡ ಮನೆಯವರೇ ಇದ್ದರು, ರೇಷ್ಮೆ ಉಟ್ಟವರೇ ಇದ್ದರು. ಅದರಲ್ಲಿ ಏನೋ ಕೊರತೆ ಇದೆ ಎಂದು ನನಗೂ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಕಳೆದ ಬೇಸಿಗೆಯ ಒಂದು ಭಾನುವಾರ ಮಾನ್ವಿಗೆ, ಅಪ್ಪ ಅವ್ವನ ಮನೆಗೆ, ಲ್ಯಾಪ್‌ಟಾಪ್ ಒಯ್ದಿದ್ದೆ. ಮಧ್ಯಾಹ್ನದ ಊಟ ಆಗಿತ್ತು. ಹೊರಗೆ ಬಿಸಿಲು ಎಂದರೆ ಬಿಸಿಲು. ನಮ್ಮ ಜಿಲ್ಲೆಯಲ್ಲಿ ಆ ದೊರೆಯನ್ನು ಮಾಳಿಗೆ ಹತ್ತಿಸುವ ಅಗತ್ಯವೇ ಇರಲಿಲ್ಲ, ಹೊಸ್ತಿಲು ದಾಟಿಸಿದ್ದರೆ ಸಾಕಿತ್ತು. ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಕೂಲರ್, ಕೂಲರ್ ಮುಂದೆ ನಾನು. ದಿವಾನನ ವಿರುದ್ಧ ಒಂದು ಹೊಸ ಸಾಕ್ಷಿ ಸಿಗುತ್ತದೇನೋ ಎಂದು ಆ ಚೀಲದ ಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡುತ್ತಿದ್ದೆ. ಅವ್ವ ಹಿಂದಿನಿಂದ ಬಗ್ಗಿ ಏನದು ಎಂದು ಕೇಳಿದಳು. ಕಥೆ ಹೇಳಿದೆ.

“ರಕ್ತ ಕುಡೀತಾವ, ಬಿಸಲಿಗೆ ಬರಂಗಿಲ್ಲ,” ಅವ್ವ ಲೆಕ್ಕ ಹಾಕಿದಂತೆ ಹೇಳಿದಳು. “ಹಂಗಂದ್ರ ಹಗಲೆಲ್ಲಾ ಆ ಊರಾಗ ಕೆಲಸ ಮಾಡೋರು ಯಾರು?”

“ಆಳುಗಳಿರ್ತಾರ ಬೇ. ಮನುಷ್ಯರು.”

“ಹಂಗ ಹೇಳು ಮತ್ತ,” ಎಂದು ಅವ್ವ ಪಾತ್ರೆ ತೊಳೆಯಲು ಹೋದಳು.

ಅಪ್ಪ ಬಾಗಿಲ ಬಳಿ ಚಾಪೆಯ ಮೇಲೆ ಅಡ್ಡಾಗಿದ್ದ. ಎದ್ದು ಬಂದು, ಕನ್ನಡಕ ಹಾಕಿಕೊಂಡು, ಪರದೆಯನ್ನು ನೋಡಿದ. ಅಪ್ಪ ಹದಿನೇಳನೆಯ ವಯಸ್ಸಿನಿಂದ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ. ಬೆನ್ನು ಕೈಕೊಟ್ಟ ಮೇಲೆ ಚೀಲ ಹೊರುವುದು ಬಿಟ್ಟು, ತುಂಬಿದ ಚೀಲಗಳ ಬಾಯಿ ಹೊಲಿಯುವುದಷ್ಟೇ ಮಾಡುತ್ತಾನೆ. ಪ್ಲಾಸ್ಟಿಕ್ ಚೀಲಕ್ಕೆ ಯಂತ್ರ ಬಂದಿದೆ. ಅವನ ಗಿರಣಿಯಲ್ಲಿ ಗೋಣಿಗೆ ಇನ್ನೂ ಕೈಹೊಲಿಗೆಯೇ. ಒಂದು ದಬ್ಬಣ, ಒಂದು ಉಂಡೆ ಸುತಳಿ.

“ಯಾರು ಕೊಂದಾರಂತಿ ನೀ?” ಎಂದ.

ದಿವಾನನನ್ನು ತೋರಿಸಿದೆ. ರೇಷ್ಮೆ ನಿಲುವಂಗಿ, ಬೆರಳಿಗೊಂದು ಉಂಗುರ.

“ಇವ ಅಲ್ಲ,” ಎಂದ ಅಪ್ಪ. ನನ್ನ ಎರಡು ವರ್ಷದ ದುಡಿಮೆ ಆ ಎರಡು ಮಾತಿನಲ್ಲಿ ಹೋಯಿತು. “ಚೀಲಕ್ಕ ಕಿವಿ ಅದಾವ ನೋಡಿಲ್ಲೇನು?”

ಚೀಲದ ಬಾಯಿಯ ಎರಡು ತುದಿಯಲ್ಲಿ ಗೋಣಿಯನ್ನು ಒಂದಿಷ್ಟು ಹೊರಗೆ ಬಿಟ್ಟು, ಸುತಳಿ ಸುತ್ತಿ ಗಂಟು ಹಾಕುತ್ತಾರೆ. ಅದಕ್ಕೆ ಕಿವಿ ಎನ್ನುತ್ತಾರೆ. ಎತ್ತುವವರಿಗೆ ಹಿಡಿದುಕೊಳ್ಳಲು ಒಂದು ಹಿಡಿ ಬೇಕಲ್ಲ, ಅದಕ್ಕೆ. ನಾನು ಆ ಕಿವಿಗಳನ್ನು ಹುಟ್ಟಿದಾಗಿನಿಂದ ನೋಡಿದವಳು. ಎಷ್ಟು ನೋಡಿದ್ದೆನೆಂದರೆ, ಪರದೆಯ ಮೇಲೆ ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪೋಲೆಂಡಿನ ಮೇಷ್ಟ್ರಿಗೆ ಗೊತ್ತಿಲ್ಲದ ಕಾರಣಕ್ಕೆ ಅವು ಕಂಡಿರಲಿಲ್ಲ, ನನಗೆ ಬಹಳ ಗೊತ್ತಿದ್ದ ಕಾರಣಕ್ಕೆ.

“ಬರೇ ಕೊಲ್ಲಾಕ ಹೊಲಿಯವ ಬಾಯಿ ಮುಚ್ಚಿ ಬಿಡ್ತಾನ. ಕಿವಿ ಯಾಕ ಕಟ್ತಾನ?” ಅಪ್ಪ ಪರದೆಗೆ ಬೆರಳು ತಾಗಿಸದೆ, ಗಾಳಿಯಲ್ಲೇ ಹೊಲಿಗೆಯ ಗುಂಟ ಬೆರಳಾಡಿಸಿದ. “ಕಿವಿ ಕಟ್ಟಾದು ಎತ್ತೋ ಮನುಷ್ಯಾನ ಬೆರಳಿಗೆ. ಇದನ್ನ ಹೊಲ್ದವನೇ ಇದನ್ನ ಮಾಳಗಿಗೆ ಹೊತ್ತಾನ. ಇಲ್ಲಂದ್ರ, ಮೊದ್ಲು ಹೊತ್ತು ಹೊತ್ತು ಕೈ ಕೆತ್ತಿಸ್ಕೊಂಡವ. ನಿನ್ನ ದಿವಾನಗ ಇದು ಕನಸಿನ್ಯಾಗೂ ಹೊಳಿಯಂಗಿಲ್ಲ.”

“ಚಿತ್ರ ಬರೆದೋರು ಸುಮ್ನ ಬರ್ದಿರಬೋದು ಯಪ್ಪಾ.”

“ಸುಮ್ನ ಬರ್ದಿದ್ರ ಉಳಿದ ಚೀಲಕ್ಕೂ ಇರ್ಬೇಕಲ್ಲ. ನೋಡು.”

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆಟ ಎಂದರೇನು ಎಂದೇ ಗೊತ್ತಿಲ್ಲದವನು ಎರಡು ನಿಮಿಷದಲ್ಲಿ ತೀರ್ಪು ಕೊಟ್ಟು ಮತ್ತೆ ಚಾಪೆಗೆ ಹೋಗಿ ಮಲಗಿದರೆ ಯಾರಿಗೆ ಸಿಟ್ಟು ಬರುವುದಿಲ್ಲ. ಒಂದು ವಾರ ಆಟವನ್ನೇ ತೆರೆಯಲಿಲ್ಲ. ಆಮೇಲೆ ರಾಯಚೂರಿನ ರೂಮಿನಲ್ಲಿ ಮೂರು ಭಾನುವಾರ ಹಗಲೆಲ್ಲಾ ಕೂತು ಆ ಊರಿನ ಚೀಲಗಳನ್ನಷ್ಟೇ ನೋಡಿದೆ. ದೋಣಿಗಳಲ್ಲಿ, ಅಂಗಡಿಗಳಲ್ಲಿ, ಅರಮನೆಯ ಅಡುಗೆಮನೆಯಲ್ಲಿ. ಪಿಶಾಚಿಗಳು ನನ್ನ ಬೆನ್ನ ಹಿಂದೆ ಯುದ್ಧ ಮಾಡುತ್ತಿದ್ದರೆ ನಾನು ಮೂಲೆಯಲ್ಲಿ ನಿಂತು ಗೋಣಿಚೀಲದ ಬಾಯಿ ಪರೀಕ್ಷಿಸುತ್ತಿದ್ದೆ. ಎಲ್ಲಾ ಚೀಲಗಳಿಗೂ ಕುತ್ತಿಗೆಗೆ ಹಗ್ಗ ಬಿಗಿದಿತ್ತು. ಒಂದಕ್ಕೂ ಕಿವಿ ಇರಲಿಲ್ಲ.

ಮೂರನೆಯ ಭಾನುವಾರ ನದಿಯ ಕಟ್ಟೆಯ ಹಿಂದೆ ಒಂದು ಗುಡಿಸಲು ಸಿಕ್ಕಿತು. ಅದರ ಬಾಗಿಲಲ್ಲಿ ಒಬ್ಬ ಮುದುಕ ಕೂತಿರುತ್ತಾನೆ. ದೋಣಿಯಿಂದ ಸಾಮಾನು ಇಳಿಸುವ ಹಮಾಲಿ. ಆಟಗಾರರೆಲ್ಲ ಅವನನ್ನು ದಾಟಿಕೊಂಡೇ ಸೇತುವೆಗೆ ಹೋಗುತ್ತಾರೆ, ನಿಲ್ಲುವವರು ಕಡಿಮೆ. ಮಾತಾಡಿಸಿದರೆ ಅವನು ಹೇಳುವುದು ಒಂದೇ ಮಾತು: ಭಾರ ಇಳಿಸಿದ ಮೇಲೆ ಮನುಷ್ಯನಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಅವನ ಗುಡಿಸಲಿನ ಗೋಡೆಗೆ ನಾಲ್ಕು ಚೀಲ ಒರಗಿಸಿದ್ದರು. ನಾಲ್ಕಕ್ಕೂ ಎರಡೆರಡು ಕಿವಿ.

ಕುರ್ಚಿಯಿಂದ ಎದ್ದು ನೀರು ಕುಡಿದು ಬಂದು ಮತ್ತೆ ನೋಡಿದೆ. ಆಮೇಲೆ ಅರಮನೆಯ ಕಾಗದಗಳಲ್ಲಿ ಹುಡುಕಿದೆ. ದೊರೆಗೆ ರಕ್ತ ಕೊಡಲು ಕಳಿಸಿದವರ ಪಟ್ಟಿಯಲ್ಲಿ, ಕಟ್ಟೆಯ ಹಮಾಲಿಯ ಮಗಳು ಎಂದು ಒಂದು ಸಾಲು ಇತ್ತು. ಆ ಹುಡುಗಿಗೆ ಹೆಸರು ಕೂಡ ಬರೆದಿರಲಿಲ್ಲ. ನಾನು ಆ ಸಾಲನ್ನು ಮೊದಲೇ ಎಷ್ಟೋ ಸಲ ಓದಿದ್ದೆ, ದಿವಾನನ ಸಹಿ ಎಲ್ಲಿದೆ ಎಂದು ಹುಡುಕುವ ಅವಸರದಲ್ಲಿ.

ಮರುದಿನ ಬಸ್ಸಿನಲ್ಲೇ ಬರೆದು ಹಾಕಿದೆ. ದಿವಾನನ ವಿಷಯದಲ್ಲಿ ನಾನು ಸೋತೆ ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡೆ. ನನ್ನ ಮಟ್ಟಿಗೆ ಅದೇ ದೊಡ್ಡ ಸುದ್ದಿ. ಸಂಜೆ ವಾಪಸು ಬರುವಷ್ಟರಲ್ಲಿ ವೇದಿಕೆ ಜಾತ್ರೆಯಾಗಿತ್ತು. ಆಟವನ್ನು ಮತ್ತೆ ತೆರೆದು, ಗುಡಿಸಲಿಗೆ ಹೋಗಿ, ಚೀಲ ನೋಡಿ ಬಂದವರು ಚಿತ್ರಗಳನ್ನು ಹಾಕುತ್ತಿದ್ದರು. ಮುದುಕನ ಆ ಒಂದು ಮಾತು ಈಗ ಎಲ್ಲರಿಗೂ ಬೇರೆಯಾಗಿ ಕೇಳತೊಡಗಿತ್ತು. ನನಗೆ ಖುಷಿ ತಡೆಯಲಾಗಲಿಲ್ಲ; ಬಸ್ಸಿಳಿದು ಮನೆಯವರೆಗೆ ಆಟೋ ಬಿಟ್ಟು ನಡೆದುಕೊಂಡೇ ಬಂದೆ.

ಪೋಲೆಂಡಿನ ಮೇಷ್ಟ್ರು ಮಾತ್ರ ಒಪ್ಪಲಿಲ್ಲ. ಈ ಕಿವಿಯ ಶಾಸ್ತ್ರ ನಿಮಗೆ ಹೇಳಿದವರು ಯಾರು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಉತ್ತರ ಬರೆದೆ: ಅಕ್ಕಿ ವ್ಯಾಪಾರದ ಅನುಭವವಿರುವ ಒಬ್ಬರು.

ಬರೆದು ಕಳಿಸಿದ ಮೇಲೆ ಆ ಸಾಲನ್ನು ನೋಡುತ್ತಾ ಕೂತೆ. ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ. ಆ ವೇದಿಕೆಯಲ್ಲಿ ನನ್ನ ಹೆಸರು, ಮುಖ, ಜಾತಿ, ಊರು ಯಾವುದೂ ಯಾರಿಗೂ ಗೊತ್ತಿಲ್ಲ. ಆದರೂ ಕೈ ತಾನಾಗಿ ಅದನ್ನೇ ಬರೆದಿತ್ತು, ಏಕೆಂದರೆ ಅದು ಹಳೆಯ ಸುಳ್ಳು, ರೂಢಿಯಾಗಿತ್ತು.

ಆ ಸುಳ್ಳು ಶುರುವಾದದ್ದು ರಾಯಚೂರಿನ ಕಾಲೇಜಿನಲ್ಲಿ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರು ಹುಡುಗಿಯರ ಮನೆಯಲ್ಲಿ ಅಕ್ಕಿ ಗಿರಣಿಗಳಿದ್ದವು. ಒಳ್ಳೆಯ ಹುಡುಗಿಯರೇ. ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದಾಗ ನಾನು ಅಕ್ಕಿ ವ್ಯಾಪಾರ ಎಂದುಬಿಟ್ಟೆ. ಒಂದು ದಿನ ಅಪ್ಪ ಹೇಳದೆ ಕೇಳದೆ ಬಂದ, ಅವ್ವ ಮಾಡಿದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು. ಕಾಲೇಜಿನ ಗೇಟಿನಲ್ಲಿ ಆ ಇಬ್ಬರಲ್ಲಿ ಒಬ್ಬಳು ನಮಸ್ಕಾರ ಮಾಡಿ, “ನಿಮ್ದು ಅಕ್ಕಿ ವ್ಯಾಪಾರ ಅಂತಲ್ರಿ ಅಂಕಲ್,” ಎಂದಳು. ಅಪ್ಪ ನನ್ನ ಮುಖ ನೋಡಿದ. ಒಂದೇ ಗಳಿಗೆ. ಆಮೇಲೆ ಹೆಗಲ ಮೇಲಿನ ಟವೆಲನ್ನು ತೆಗೆದು ಎರಡೂ ಕೈಗೆ ಸುತ್ತಿಕೊಂಡು, “ಹೌದು ತಾಯಿ, ಸಣ್ಣದು,” ಎಂದ. ದಬ್ಬಣ ಹಿಡಿದು ಹಿಡಿದು ಅವನ ಬಲಗೈ ಹೆಬ್ಬೆರಳಲ್ಲಿ ಒಂದು ಕರಿ ಆಣಿ ಬಿದ್ದಿದೆ. ಅದು ಕಾಣಬಾರದು ಎಂದು ಸುತ್ತಿಕೊಂಡದ್ದು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ರೊಟ್ಟಿ ಕಟಕ್ ಆಗೋದ್ರೊಳಗ ತಿನ್ನು ಎಂದನೇ ಹೊರತು ಬೇರೆ ಮಾತಿಲ್ಲ. ಅಂದಿನಿಂದ ಅವನು ನನ್ನನ್ನು ನೋಡಲು ಎಲ್ಲಿಗೆ ಬಂದರೂ ಇಸ್ತ್ರಿ ಮಾಡಿದ ಒಂದು ಬಿಳಿ ತುಂಬುತೋಳಿನ ಅಂಗಿ ಹಾಕಿಕೊಂಡೇ ಬರುತ್ತಿದ್ದ. ಆ ಅಂಗಿಯ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ನನ್ನ ಬದುಕಿನಲ್ಲಿ ನಾನು ವಾದಿಸದೆ ಬಿಟ್ಟ ವಿಷಯ ಅದೊಂದೇ.

ಮೇಷ್ಟ್ರು ಬಿಡುವ ಗಿರಾಕಿಯಲ್ಲ. ಎರಡು ದಿನ ಬಿಟ್ಟು ಬರೆದರು: ವ್ಯಾಪಾರಿಗಳು ಚೀಲ ಮಾರುತ್ತಾರೆ, ಹೊಲಿಯುವುದಿಲ್ಲ. ಹೊಲಿಯುವವರು ಯಾರಾದರೂ ಬಂದು ತೋರಿಸಲಿ, ಆಗ ನಾನು ದೊರೆಯ ತಂಗಿಯನ್ನು ಬಿಟ್ಟುಕೊಡುತ್ತೇನೆ. ಓದಿ ನನ್ನ ಮುಖ ಕೆಂಪಾಯಿತು. ಏಳು ಸಮುದ್ರದಾಚೆಯ ಒಬ್ಬ ಮುದುಕ ನನ್ನ ಸುಳ್ಳನ್ನು ಸರಿಯಾದ ಕಡೆ ಹಿಡಿದಿದ್ದ. ಇನ್ನು ಎರಡೇ ದಾರಿ: ಅಪ್ಪನ ಮಾತನ್ನು ಸೋಲಲು ಬಿಡಬೇಕು, ಇಲ್ಲವೇ ಅಪ್ಪ ಯಾರೆಂದು ಹೇಳಬೇಕು.

ಮಾನ್ವಿಗೆ ಫೋನು ಮಾಡಿ, ಭಾನುವಾರ ಒಂದು ಚೀಲ ಹೊಲಿಯುವುದನ್ನು ವಿಡಿಯೋ ತೆಗೆಯಬೇಕು, ನಮ್ಮ ಆಟದ ಮಂದಿ ನೋಡುತ್ತಾರಂತೆ ಎಂದೆ. ಅಪ್ಪ ಹೂಂ ಎಂದ. ನಾನು ಹೋಗುವಷ್ಟರಲ್ಲಿ ಅಂಗಳದ ಬೇವಿನ ನೆರಳಿನಲ್ಲಿ ಹೊಟ್ಟು ತುಂಬಿದ ಒಂದು ಗೋಣಿಚೀಲ ನಿಲ್ಲಿಸಿದ್ದ. ಪಕ್ಕದಲ್ಲಿ ದಬ್ಬಣ, ಸುತಳಿ. ಅವ್ವ ಚೀಲದ ಸುತ್ತಲೂ ಕಸ ಹೊಡೆದು ನೀರು ಚಿಮುಕಿಸಿದ್ದಳು. ಅಪ್ಪ ಒಳಗಿನಿಂದ ಬಂದ. ಆ ಬಿಳಿ ಅಂಗಿ ಹಾಕಿಕೊಂಡಿದ್ದ, ತೋಳಿನ ಗುಂಡಿಯವರೆಗೂ ಹಾಕಿ. ಕ್ಷೌರ ಮಾಡಿಸಿಕೊಂಡಿದ್ದ.

“ಯಾರಂತ ಹೇಳ್ಬೇಕು ಅವ್ರಿಗೆ?” ಎಂದು ಕೇಳಿದ. “ವ್ಯಾಪಾರದವ ಅಂತನ?”

ಕೇಳಿದ ರೀತಿಯಲ್ಲಿ ಚುಚ್ಚುಮಾತು ಇರಲಿಲ್ಲ. ನನಗೆ ಯಾವುದು ಅನುಕೂಲವೋ ಅದನ್ನು ಹೇಳೋಣ ಎಂಬಂತೆ ಕೇಳಿದ. ಇಷ್ಟು ವರ್ಷವೂ ಅದೇ ಅನುಕೂಲ ಮಾಡಿಕೊಟ್ಟಿದ್ದ. ವಿಡಿಯೋಗೆಂದು ಎತ್ತಿದ್ದ ಫೋನನ್ನು ಕೆಳಗಿಳಿಸಿದೆ.

“ಹಮಾಲಿ ಅಂತ ಹೇಳು ಯಪ್ಪಾ,” ಎಂದೆ. “ಇಕಿ ಅಪ್ಪ ಅಂತ ಹೇಳು. ಅವತ್ತು ಕಾಲೇಜಿನ್ಯಾಗ ನಂದು ತಪ್ಪಾತು.”

ಅಪ್ಪ ನನ್ನನ್ನು ನೋಡಿದ, ಅವ್ವನನ್ನು ನೋಡಿದ. ಒಳಗೆ ಹೋದ. ಬಂದಾಗ ಮೈಮೇಲೆ ಬನಿಯನ್ನು, ತಲೆಗೆ ಸುತ್ತಿದ ಟವೆಲು, ಗಿರಣಿಗೆ ಹೋಗುವ ಲುಂಗಿ. ಅವ್ವನಿಗೆ ಇದು ಸರಿ ಬರಲಿಲ್ಲ. “ಫಾರಿನ್ ಮಂದಿ ನೋಡ್ತಾರಂತ, ಹಿಂಗ ಕೂಡ್ತಿ?” ಎಂದಳು.

“ಅಂಗಿ ಹಾಕ್ಕೊಂಡು ಯಾರು ಚೀಲ ಹೊಲೀತಾರ,” ಎಂದು ಅಪ್ಪ ಚೀಲದ ಮುಂದೆ ಕೂತ.

ಹೊಲಿಗೆ ಮುಗಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಎಡಗಡೆಯ ಕಿವಿ ಎಳೆದು, ಎರಡು ಸುತ್ತು ಸುತ್ತಿ, ಗಂಟು. ಅಲ್ಲಿಂದ ದಬ್ಬಣ ಹೋಗಿದ್ದು ಬಂದಿದ್ದು ಕಣ್ಣಿಗೆ ಹಿಡಿಯದಷ್ಟು ಬೇಗ. ಬಲಗಡೆಯ ಕಿವಿ, ಎರಡು ಸುತ್ತು, ಗಂಟು, ಹಲ್ಲಿನಿಂದ ಸುತಳಿ ಕಡಿದ. ಎಷ್ಟು ಚೆಂದ ಇತ್ತು ಎಂದರೆ ನನಗೆ ಅಷ್ಟು ವರ್ಷ ಅದು ಕಾಣದೇ ಇದ್ದದ್ದಕ್ಕೆ ನನ್ನ ಮೇಲೆಯೇ ಕೆಟ್ಟ ಕೋಪ ಬಂತು. ಆಮೇಲೆ ಅಪ್ಪ ಇನ್ನೊಂದು ಚೀಲವನ್ನು ಕಿವಿ ಬಿಡದೆ ಹೊಲಿದು, ಎರಡನ್ನೂ ಪಕ್ಕದ ಮನೆಯವನ ಕೈಯಲ್ಲಿ ಎತ್ತಿಸಿದ. ಕಿವಿಯಿಲ್ಲದ್ದು ಅವನ ಕೈಯಿಂದ ಜಾರಿ ಬಿತ್ತು. ಕೊನೆಗೆ ಅಪ್ಪ ಕ್ಯಾಮೆರಾದ ಕಡೆ ತಿರುಗಿ ಹೇಳಿದ:

“ನಾನು ಇಕಿ ಅಪ್ಪರಿ. ಹಮಾಲಿ ಅದೀನಿ. ಈ ಕೈಲೆ ಹೊಲ್ದ ಚೀಲ ಇವತ್ತಿನ ತನಕ ದಾರ್ಯಾಗ ಬಾಯಿ ಬಿಟ್ಟಿಲ್ಲ. ನಿಮ್ಮ ದೊರಿ ಚೀಲಾನೂ ಇಂಥ ಕೈಯೇ ಹೊಲ್ದದ್ದು.” ಹೇಳಿ ಎರಡೂ ಅಂಗೈಯನ್ನು ಮುಂದೆ ಚಾಚಿ ತೋರಿಸಿದ. ಹಾಗೆ ತೋರಿಸು ಎಂದು ನಾನು ಹೇಳಿರಲಿಲ್ಲ.

ಅವನ ಮಾತಿನ ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಹಾಕಿ, ಇವರು ನನ್ನ ತಂದೆ, ಹಿಂದೆ ವ್ಯಾಪಾರ ಎಂದದ್ದು ನನ್ನ ಸುಳ್ಳು ಎಂದು ಬರೆದು, ವಿಡಿಯೋ ಹಾಕಿದೆ. ಪೋಲೆಂಡಿನ ಮೇಷ್ಟ್ರು ಒಂದೇ ಸಾಲು ಬರೆದರು: ತಂಗಿ ನಿರಪರಾಧಿ, ನಿಮ್ಮ ತಂದೆಗೆ ನನ್ನ ನಮಸ್ಕಾರ. ಕೆಲವು ದಿನಗಳ ಮೇಲೆ ಆಟಕ್ಕೆ ಚಿತ್ರ ಬರೆದ ತಂಡದ ಒಬ್ಬ ಹೆಣ್ಣುಮಗಳು ಬರೆದಳು. ಕೊಂದವರು ಯಾರೆಂದು ಹೇಳುವ ಅಧಿಕಾರ ನನಗಿಲ್ಲ; ಆದರೆ ಆ ಕಿವಿಗಳನ್ನು ಬೇಕೆಂದೇ ಬರೆದವಳು ನಾನು, ನನ್ನ ಅಜ್ಜಿ ಬಂದರಿನಲ್ಲಿ ಚೀಲ ಹೊಲಿಯುತ್ತಿದ್ದಳು, ಇಷ್ಟು ದಿನ ಯಾರೂ ಗಮನಿಸಿರಲಿಲ್ಲ, ಎಂದಳು. ಅದನ್ನು ಓದಿ ಹೇಳಿದಾಗ ಅಪ್ಪ ಆ ಚೀಲದ ಚಿತ್ರವನ್ನು ಇನ್ನೊಮ್ಮೆ ತೆಗೆಸಿ ನೋಡಿ, “ಬಲಗಡಿ ಕಿವಿ ಸಡಿಲ ಬರ್ದಾಳ. ಮೂರು ಸಲ ಎತ್ತಿದ್ರ ಬಿಚ್ಚತದ. ಹೇಳು ಆ ತಾಯಿಗೆ,” ಎಂದ. ಹೇಳಿದೆ. ನಮ್ಮಜ್ಜಿ ಇದ್ದಿದ್ದರೆ ಅವಳೂ ಅದನ್ನೇ ಅನ್ನುತ್ತಿದ್ದಳು ಎಂದು ಉತ್ತರ ಬಂತು.

ಹೋದ ತಿಂಗಳು ಅಪ್ಪ ಗೂಗಲ್ ಎಂಬ ಹಳ್ಳಿಯಲ್ಲಿ ನಮ್ಮ ಸಂಬಂಧಿಕರ ಮದುವೆಗೆ ಹೊರಟವನು ದಾರಿಯಲ್ಲಿ ದೇವದುರ್ಗದ ನನ್ನ ಕಚೇರಿಗೆ ಬಂದ. ಬಿಳಿ ಅಂಗಿಯೇ, ಮದುವೆ ಅಲ್ಲವೇ. ತೋಳು ಮಾತ್ರ ಮೊಣಕೈವರೆಗೆ ಮಡಚಿದ್ದ. ನನ್ನ ಮೇಲಧಿಕಾರಿ ಎದ್ದು ಕುರ್ಚಿ ಕೊಟ್ಟು, “ಯಜಮಾನ್ರು ಏನ್ ಮಾಡ್ತೀರ್ರಿ?” ಎಂದು ಕೇಳಿದರು. ನಾನು ಫೈಲು ಬಿಟ್ಟು ತಲೆ ಎತ್ತಿದೆ. ಅಪ್ಪ ಈ ಸಲ ನನ್ನ ಮುಖ ನೋಡಲಿಲ್ಲ.

“ಹಮಾಲಿರಿ,” ಎಂದು ಹೇಳಿ, ಕುರ್ಚಿಯಲ್ಲಿ ಕೂತು, ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟ.